ಶ್ರದ್ಧೆ ನಮ್ಮ ಅಧೀನವೇ?



ಮಹಾನಗರಗಳಲ್ಲಿ ನೆಲೆಸಿರುವ ನಮ್ಮ ಮಾಧ್ವ ಕುಟುಂಬಗಳಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಏಳುತ್ತಿರುವುದನ್ನು ಕಾಣುತ್ತೇವೆ. "ಅಪ್ಪಾ, ಸಂಧ್ಯಾವಂದನೆ ಮಾಡು ಎಂದರೆ ಮಾಡುತ್ತೇನೆ. ಏಕಾದಶಿಯ ದಿನ ಉಪವಾಸವಿರು ಎಂದರೆ ಇರುತ್ತೇನೆ. ಆದರೆ ನಂಬು ಎಂದರೆ ಹೇಗೆ ನಂಬಲಿ? ನಂಬಿಕೆ ಬಾರದಿದ್ದರೆ ಅದು ನನ್ನ ತಪ್ಪೇ?" ಪೆರುಂಗುಡಿಯ ರಾಜೀವ್ ಗಾಂಧಿ ಸಾಲೆಯ ಇಕ್ಕೆಲಗಳ ಕಚೇರಿಗಳಲ್ಲಿ ದುಡಿಯುತ್ತ, ಎತ್ತರದ ವಸತಿ ಸಮುಚ್ಚಯಗಳಲ್ಲಿ ವಾಸಿಸುವ ಕುಟುಂಬಗಳ ಮಕ್ಕಳು ಹೀಗೆ ಕೇಳಿದಾಗ ಹಿರಿಯರು ಕೆಲವೊಮ್ಮೆ ಕೋಪಿಸಿಕೊಳ್ಳುತ್ತಾರೆ, ಕೆಲವೊಮ್ಮೆ ಮೌನವಾಗಿ ನೊಂದುಕೊಳ್ಳುತ್ತಾರೆ. ಆದರೆ ಇದು ಉದ್ಧಟತನದ ಪ್ರಶ್ನೆಯಲ್ಲ. ಶಾಸ್ತ್ರವೇ ವಿಚಾರಕ್ಕೆ ಎತ್ತಿಕೊಳ್ಳತಕ್ಕ ಪ್ರಶ್ನೆ. ಇದಕ್ಕೆ ಸಮಾಧಾನವನ್ನು ಶ್ರೀಮದಾಚಾರ್ಯರ ಸಿದ್ಧಾಂತದ ಬೆಳಕಿನಲ್ಲಿಯೇ ನೋಡೋಣ.

ಮೊದಲು ಅನುಭವವನ್ನು ಪರೀಕ್ಷಿಸೋಣ. ಉಡುಪಿಯಲ್ಲಿ ಹುಟ್ಟಿ ಬೆಳೆದವನಿಗೆ ಸಮುದ್ರವೆಂದರೆ ಪಶ್ಚಿಮ ದಿಕ್ಕು; ಸೂರ್ಯನು ಮುಳುಗುವುದು ಸಮುದ್ರದಲ್ಲಿ. ಅವನು ಚೆನ್ನೈಗೆ ಬಂದ ಮೇಲೆ ಸೂರ್ಯನು ಸಮುದ್ರದಿಂದ ಮೇಲೇರುವುದನ್ನು ಕಾಣುತ್ತಾನೆ. ಆಗ ಅವನಲ್ಲಿ "ಇಲ್ಲಿ ಸಮುದ್ರವು ಪೂರ್ವಕ್ಕಿದೆ" ಎಂಬ ನಿಶ್ಚಯ ಉಂಟಾಗುತ್ತದೆ. ಈ ನಿಶ್ಚಯವನ್ನು ಅವನು ಆರಿಸಿಕೊಂಡನೇ? ಇಲ್ಲ. ಲಕ್ಷ ರೂಪಾಯಿ ಕೊಡುತ್ತೇವೆ, ಪೆರುಂಗುಡಿಗೆ ಸಮುದ್ರವು ಪಶ್ಚಿಮದಲ್ಲಿದೆಯೆಂದು ನಂಬು ಎಂದರೆ ಬಾಯಿ ಹಾಗೆ ಹೇಳೀತು, ಮನಸ್ಸು ಒಪ್ಪದು. ಆದರೆ ಬೆಳಗಿನ ಜಾವದಲ್ಲಿ ಎದ್ದು ದಡಕ್ಕೆ ಹೋಗುವುದು, ಹೋಗಿ ಕಣ್ಣು ತೆರೆದು ನೋಡುವುದು ಮಾತ್ರ ಅವನ ಇಚ್ಛೆಗೆ ಸೇರಿದ್ದು. ಮನೆಯಲ್ಲಿ ಮಲಗಿದ್ದವನಿಗೆ ಆ ಉದಯದ ದರ್ಶನವಿಲ್ಲ.

ನಮ್ಮ ಪ್ರಶ್ನೆಯ ಉತ್ತರದ ಬೀಜವು ಇಲ್ಲಿಯೇ ಇದೆ. ನಿಶ್ಚಯವು ನಮ್ಮ ಆಜ್ಞೆಯಂತೆ ಬರುವುದಿಲ್ಲ. ನಿಶ್ಚಯಕ್ಕೆ ಕಾರಣವಾದ ಸಾಧನಗಳ ಬಳಿಗೆ ಹೋಗುವುದು ಮಾತ್ರ ನಮಗೆ ಸೇರಿದ್ದು. ದ್ವೈತ ಸಿದ್ಧಾಂತದಲ್ಲಿ ಜ್ಞಾನದ ಪ್ರಾಮಾಣ್ಯವನ್ನು ಕಟ್ಟಕಡೆಗೆ ನಿಶ್ಚಯಿಸುವವನು ಸಾಕ್ಷಿ, ಎಂದರೆ ಜೀವನ ಸ್ವರೂಪಭೂತವಾದ ಇಂದ್ರಿಯ. ಮನಸ್ಸು ಭ್ರಮಿಸಬಹುದು, ಸಂಶಯಪಡಬಹುದು. ಪರೀಕ್ಷೆಯಾದ ಬಳಿಕ "ಇದು ಹೀಗೆಯೇ" ಎಂದು ಸಾಕ್ಷಿಯು ಕೊಡುವ ಮುದ್ರೆಯನ್ನು ಯಾರೂ ಬಲವಂತದಿಂದ ಹಾಕಿಸಲಾರರು, ತಂದೆಯೂ ಹಾಕಿಸಲಾರನು, ರಾಜನೂ ಹಾಕಿಸಲಾರನು. ಆದುದರಿಂದ "ನಂಬು" ಎಂಬ ಬರಿಯ ಆಜ್ಞೆಯು ನಿಷ್ಫಲ. "ಕೇಳು, ವಿಚಾರ ಮಾಡು" ಎಂಬ ವಿಧಿಯೇ ಸಾರ್ಥಕ. ಬ್ರಹ್ಮಸೂತ್ರಗಳು ಆರಂಭವಾಗುವುದು ಜಿಜ್ಞಾಸೆಯಿಂದ ಎಂಬುದನ್ನು ಮರೆಯಬಾರದು. ಅಷ್ಟೇ ಅಲ್ಲ, ಪ್ರತಿಯೊಂದು ಅಧಿಕರಣದ ಅಂಗಗಳಲ್ಲಿ ವಿಷಯ, ಪೂರ್ವಪಕ್ಷ, ಸಿದ್ಧಾಂತಗಳ ಜೊತೆಗೆ ಸಂಶಯಕ್ಕೂ ಸ್ಥಾನವಿದೆ. ಸಂಶಯಕ್ಕೆ ಶಾಸ್ತ್ರದಲ್ಲಿಯೇ ಪೀಠವಿರುವಾಗ ನಮ್ಮ ಮನೆಯಲ್ಲಿ ಅದಕ್ಕೆ ಬಾಗಿಲು ಮುಚ್ಚುವುದು ಯುಕ್ತವಲ್ಲ. ಆದರೆ ಸಂಶಯವು ಅಧಿಕರಣದ ಒಂದು ಅಂಗವೇ ಹೊರತು ಅದರ ಕೊನೆಯಲ್ಲ ಎಂಬುದನ್ನೂ ಮರೆಯಬಾರದು.

ಇದಕ್ಕೆ ನಮ್ಮ ಪರಂಪರೆಯಲ್ಲಿಯೇ ಉಜ್ಜ್ವಲವಾದ ದೃಷ್ಟಾಂತವಿದೆ. ಹದಿಮೂರನೆಯ ಶತಮಾನದಲ್ಲಿ ಕುಂಬಳೆಯ ಜಯಸಿಂಹರಾಜನ ಸೀಮೆಯಲ್ಲಿ, ಇಂದಿನ ಕಾಸರಗೋಡಿನ ಬಳಿಯ ಕೂಡ್ಲು ಪ್ರದೇಶದಲ್ಲಿ, ತ್ರಿವಿಕ್ರಮಪಂಡಿತರೆಂಬ ಮಹಾವಿದ್ವಾಂಸರು ಶ್ರೀಮದಾಚಾರ್ಯರೊಡನೆ ವಾದಕ್ಕೆ ಕುಳಿತರು. ಆಚಾರ್ಯರು ಭಾಷ್ಯವನ್ನು ಪ್ರವಚನ ಮಾಡುತ್ತಿದ್ದರು. ಪಂಡಿತರು ಆಕ್ಷೇಪಗಳನ್ನು ಎತ್ತುತ್ತಿದ್ದರು. ಹದಿನೈದು ದಿನಗಳ ಕಾಲ ಈ ವಾದವು ನಡೆಯಿತೆಂಬುದು ಸಂಪ್ರದಾಯ. ಪಂಡಿತರ ಮಕ್ಕಳಾದ ನಾರಾಯಣಪಂಡಿತಾಚಾರ್ಯರು ಹದಿನಾರು ಸರ್ಗಗಳ ಸುಮಧ್ವವಿಜಯ ಮಹಾಕಾವ್ಯದಲ್ಲಿ ಈ ಪ್ರಸಂಗವನ್ನು ವರ್ಣಿಸಿದ್ದಾರೆ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಮೊದಲನೆಯ ದಿನ ಪಂಡಿತರು ನಂಬಲಿಲ್ಲ. ನಂಬಿದಂತೆ ನಟಿಸಲೂ ಇಲ್ಲ. ಆಚಾರ್ಯರಾದರೂ ನಂಬಬೇಕೆಂದು ಅವರನ್ನು ನಿರ್ಬಂಧಿಸಲಿಲ್ಲ. ಆಕ್ಷೇಪಕ್ಕೆ ಸಮಾಧಾನವನ್ನು ಕೊಟ್ಟರು. ಹದಿನೈದು ದಿನಗಳಲ್ಲಿ ಪಂಡಿತರು ಆರಿಸಿಕೊಂಡದ್ದು ಒಂದನ್ನೇ: ಎದ್ದು ಹೋಗದೆ ಮರುದಿನವೂ ಬಂದು ಕುಳಿತುಕೊಳ್ಳುವುದನ್ನು. ಕೊನೆಗೆ ಆಕ್ಷೇಪಗಳು ಮುಗಿದಾಗ ನಿಶ್ಚಯವು ತಾನಾಗಿಯೇ ಮೂಡಿತು. ಅವರು ಆಚಾರ್ಯರ ಪಾದಗಳಿಗೆ ಎರಗಿ ಶಿಷ್ಯರಾದರು. ಆಚಾರ್ಯರ ಅಪ್ಪಣೆಯಂತೆ ಸೂತ್ರಭಾಷ್ಯಕ್ಕೆ ತತ್ತ್ವಪ್ರದೀಪವೆಂಬ ಟೀಕೆಯನ್ನು ರಚಿಸಿದರು. ಅವರ ಪ್ರಾರ್ಥನೆಯಿಂದಲೇ ಅನುವ್ಯಾಖ್ಯಾನವು ನಮಗೆ ದೊರೆಯಿತು. ಇಂದು ನಮ್ಮ ಮನೆಮನೆಗಳಲ್ಲಿ ಪಾರಾಯಣವಾಗುವ ವಾಯುಸ್ತುತಿಯನ್ನು ರಚಿಸಿದವರೂ ಅವರೇ. ಆ ಸ್ತುತಿಯನ್ನು ಬರೆದ ಕೈ ಒಂದು ಕಾಲದಲ್ಲಿ ಎದುರು ಪಕ್ಷದಲ್ಲಿ ಕುಳಿತವರ ಕೈ ಎಂಬುದನ್ನು ಪ್ರಶ್ನೆ ಕೇಳುವ ಮಗನಿಗೆ ಅವಶ್ಯವಾಗಿ ತಿಳಿಸಿ.

ಇಲ್ಲಿ ಒಂದು ಶಂಕೆ ಹುಟ್ಟುತ್ತದೆ. ಶ್ರದ್ಧೆಯು ಜೀವನ ಸ್ವಭಾವಕ್ಕೆ ಅನುಗುಣವಾಗಿಯೇ ಇರುತ್ತದೆಂದು ಗೀತೆಯ ಹದಿನೇಳನೆಯ ಅಧ್ಯಾಯವು ಹೇಳುತ್ತದೆ. ಅಂದ ಮೇಲೆ ಎಲ್ಲವೂ ಮೊದಲೇ ನಿರ್ಣಯವಾಗಿದೆ, ನಾವು ಮಾಡುವುದೇನು? ಇದಕ್ಕೆ ಸಮಾಧಾನವಿದೆ. ಫಲಪ್ರಾಪ್ತಿಗೆ ಯೋಗ್ಯತೆ, ಅನಾದಿಕರ್ಮ, ಪ್ರಯತ್ನ ಎಂಬ ಮೂರನ್ನೂ ಸಿದ್ಧಾಂತವು ಅಂಗೀಕರಿಸುತ್ತದೆ. ಯೋಗ್ಯತೆಯೊಂದನ್ನೇ ಹೇಳಿ ಪ್ರಯತ್ನವನ್ನು ಕೈಬಿಡುವುದಿಲ್ಲ. ಜೀವನು ಕರ್ತನಲ್ಲವೆಂದಾದರೆ ವಿಧಿನಿಷೇಧಗಳನ್ನು ಹೇಳುವ ಶಾಸ್ತ್ರವೇ ವ್ಯರ್ಥವಾಗುತ್ತದೆ ಎಂಬ ವಿಚಾರವು ಬ್ರಹ್ಮಸೂತ್ರಗಳ ಎರಡನೆಯ ಅಧ್ಯಾಯದಲ್ಲಿ ಬಂದಿದೆ. ಜೀವನ ಕರ್ತೃತ್ವವು ನಿಜ, ಆದರೆ ಅದು ಸ್ವತಂತ್ರವಲ್ಲ. ಸರ್ವಸ್ವತಂತ್ರನಾದ ಶ್ರೀಹರಿಯು ದಯಪಾಲಿಸಿದ್ದು. ಇನ್ನೊಂದು ಮಾತು. ಯಾರ ಯೋಗ್ಯತೆ ಎಂತಹುದು ಎಂಬುದನ್ನು ನಾವು ಅರಿಯೆವು. ಇಪ್ಪತ್ತು ವರ್ಷದ ಹುಡುಗನ ಒಂದು ಪ್ರಶ್ನೆಯನ್ನು ಕೇಳಿ "ಇವನ ಯೋಗ್ಯತೆಯೇ ಇಷ್ಟು" ಎಂದು ತೀರ್ಪು ಕೊಡುವ ಅಧಿಕಾರ ತಂದೆತಾಯಿಗಳಿಗಿಲ್ಲ.

ಕೇಳಿದವರೆಲ್ಲರೂ ಒಪ್ಪುತ್ತಾರೆಯೇ ಎಂದರೆ, ಹಾಗೇನೂ ಇಲ್ಲ. ನಾವಿರುವ ಈ ತಮಿಳುನಾಡಿನಲ್ಲಿಯೇ ಹದಿನಾರನೆಯ ಶತಮಾನದಲ್ಲಿ ಶ್ರೀವಿಜಯೀಂದ್ರತೀರ್ಥರೂ ಅದ್ವೈತ ವಿದ್ವಾಂಸರಾದ ಅಪ್ಪಯ್ಯ ದೀಕ್ಷಿತರೂ ಸಮಕಾಲೀನರಾಗಿದ್ದರು. ಗ್ರಂಥಗಳಲ್ಲಿ ಪರಸ್ಪರ ಖಂಡನೆ ನಡೆಯಿತು. ದೀಕ್ಷಿತರು ತಮ್ಮ ಮತದಲ್ಲಿಯೇ ಉಳಿದರು. ಶ್ರೀವಿಜಯೀಂದ್ರರ ಬೃಂದಾವನವು ಕುಂಭಕೋಣದಲ್ಲಿ ಇಂದಿಗೂ ಪೂಜೆಗೊಳ್ಳುತ್ತಿದೆ. ವಾದಿಸುವುದು ವಿದ್ವಾಂಸನ ಕರ್ತವ್ಯ. ಎದುರಾಳಿಯ ಅಂತಃಕರಣವನ್ನು ತಿರುಗಿಸುವುದು ಅಂತರ್ಯಾಮಿಗೆ ಸೇರಿದ ಕಾರ್ಯ.

ಫ್ರಾನ್ಸ್ ದೇಶದ ಪಾಸ್ಕಲ್ (1623–1662) ಎಂಬ ಗಣಿತಜ್ಞನು ನಂಬಲಾರೆನೆನ್ನುವವನಿಗೆ ಒಂದು ಉಪಾಯವನ್ನು ಸೂಚಿಸಿದನು: ನಂಬಿದವರು ಮಾಡುವ ಆಚರಣೆಗಳನ್ನು ಮಾಡುತ್ತ ಹೋಗು, ನಂಬಿಕೆಯು ಹಿಂಬಾಲಿಸುತ್ತದೆ ಎಂದು. ಇದರಲ್ಲಿ ಸತ್ಯಾಂಶವಿದೆ, ಸದಾಚಾರವು ಚಿತ್ತವನ್ನು ಶುದ್ಧಿಗೊಳಿಸುತ್ತದೆ. ಆದರೆ ನಮ್ಮ ಆಚಾರ್ಯರಿಗೆ ಅಷ್ಟೇ ಸಾಲದು. ಭಗವಂತನ ಮಾಹಾತ್ಮ್ಯವನ್ನು ತಿಳಿದು, ಆ ತಿಳಿವಿನಿಂದ ಅವನಲ್ಲಿ ಹುಟ್ಟುವ, ಎಲ್ಲಕ್ಕಿಂತಲೂ ಮಿಗಿಲಾದ ದೃಢಸ್ನೇಹವನ್ನೇ ಅವರು ಭಕ್ತಿಯೆಂದರು. ತಿಳಿವು ಮೊದಲು, ಸ್ನೇಹ ಬಳಿಕ. ಶ್ರವಣಮನನಗಳಿಲ್ಲದ ಆಚರಣೆಯು ಎಣ್ಣೆಯಿಲ್ಲದ ಬತ್ತಿಯಂತೆ.

ಚೆನ್ನೈ ನಿವಾಸಿಗಳಾದ ನಿಮಗೆ ಇನ್ನೊಂದು ದೃಷ್ಟಾಂತವನ್ನು ಹೇಳಬಹುದು. 2003ರಲ್ಲಿ ಈ ರಾಜ್ಯದಲ್ಲಿ ಎಲ್ಲ ಕಟ್ಟಡಗಳಿಗೂ ಮಳೆನೀರಿನ ಸಂಗ್ರಹವನ್ನು ಕಡ್ಡಾಯಗೊಳಿಸಲಾಯಿತು. 2019ರ ಬೇಸಿಗೆಯಲ್ಲಿ ನಗರದ ಜಲಾಶಯಗಳು ಬತ್ತಿ, ನೀರಿನ ಲಾರಿಗಾಗಿ ಕಾದು ನಿಂತ ದಿನಗಳು ನಿಮಗೆ ನೆನಪಿರಬಹುದು. ಮಳೆಯನ್ನು ಸುರಿಸುವ ಶಕ್ತಿ ಯಾರಿಗೂ ಇಲ್ಲ. ಆದರೆ ಮಾಳಿಗೆಯ ಕೊಳವೆಯನ್ನು ಶುಚಿಯಾಗಿಟ್ಟು, ಇಂಗುಗುಂಡಿಯ ಹೂಳನ್ನು ತೆಗೆದಿಟ್ಟವರ ನೆಲದಲ್ಲಿ ಬಂದ ಮಳೆ ಇಂಗಿತು. ಕೊಳವೆ ಕಟ್ಟಿದ್ದವರ ಮನೆಯ ಮೇಲೂ ಅದೇ ಮಳೆ ಸುರಿಯಿತು, ಹರಿದು ಹೋಯಿತು. ಶ್ರದ್ಧೆಯೂ ಹೀಗೆಯೇ. ಅದು ಪರಮಾತ್ಮನ ಪ್ರಸಾದ. ಅದು ಇಂಗಲು ಎಡೆ ಮಾಡಿಕೊಡುವುದು ನಮ್ಮ ಪಾಲಿನ ಸೇವೆ.

ಆದುದರಿಂದ ಹಿರಿಯರಲ್ಲಿ ಒಂದು ವಿಜ್ಞಾಪನೆ. ಮಕ್ಕಳನ್ನು "ನಂಬುತ್ತೀಯೋ ಇಲ್ಲವೋ" ಎಂದು ಕೇಳಬೇಡಿ. ಕೇಳಿದರೆ ಭಯದಿಂದ ಸುಳ್ಳು ಹೇಳಿಯಾರು, ಇಲ್ಲವೇ ಹಠದಿಂದ ದೂರವಾದಾರು. ಅದರ ಬದಲು ವಾರಕ್ಕೆ ಒಂದು ಗಂಟೆ ಅವರೊಡನೆ ಕುಳಿತು ಗೀತೆಯನ್ನೋ ಸುಮಧ್ವವಿಜಯವನ್ನೋ ಅರ್ಥಸಹಿತವಾಗಿ ಓದಿ. ಅವರ ಆಕ್ಷೇಪವನ್ನು ಪೂರ್ವಪಕ್ಷವೆಂದು ಗೌರವಿಸಿ. ಉತ್ತರ ತಿಳಿಯದಿದ್ದರೆ ತಿಳಿದವರಲ್ಲಿ ಕೇಳಿ ಹೇಳುತ್ತೇನೆಂದು ಒಪ್ಪಿಕೊಳ್ಳಿ. ಅದರಿಂದ ನಿಮ್ಮ ಘನತೆಗೆ ಕುಂದಿಲ್ಲ.

ಕಿರಿಯರಿಗೂ ಒಂದು ಮಾತು. ನಂಬಿಕೆ ಬರಲಿಲ್ಲವೆಂಬುದು ಅಪರಾಧವಲ್ಲ. ಆದರೆ ಕೇಳದೆಯೇ, ಓದದೆಯೇ "ನನಗೆ ನಂಬಿಕೆ ಬರುವುದಿಲ್ಲ" ಎಂದರೆ ಅದು ದಡಕ್ಕೆ ಹೋಗದೆ ಸೂರ್ಯೋದಯವಿಲ್ಲವೆಂದಂತೆ. ಕಚೇರಿಯ ಒಂದು ಹೊಸ ವಿಷಯವನ್ನು ಕಲಿಯಲು ತಿಂಗಳುಗಟ್ಟಲೆ ಶ್ರಮಿಸುತ್ತೀರಿ. ಜೀವ ಯಾರು, ಈಶ್ವರ ಯಾರು ಎಂಬ ವಿಷಯಕ್ಕೆ ತ್ರಿವಿಕ್ರಮಪಂಡಿತರಂತೆ ಹದಿನೈದು ದಿನಗಳನ್ನಾದರೂ ಕೊಡಬಾರದೇ? ಅರ್ಜುನನಿಗೆ ಹದಿನೆಂಟು ಅಧ್ಯಾಯಗಳನ್ನು ಉಪದೇಶಿಸಿದ ಮೇಲೆ ಸಾಕ್ಷಾತ್ ಶ್ರೀಕೃಷ್ಣನೇ, ಎಲ್ಲವನ್ನೂ ವಿಮರ್ಶಿಸಿ ನಿರ್ಧರಿಸುವ ಹೊಣೆಯನ್ನು ಅವನಿಗೇ ಬಿಟ್ಟನು. ವಿಮರ್ಶೆಗೆ ಅಂಜದ ಸ್ವಾಮಿ ನಮ್ಮವನು. ಅವನ ಮುಂದೆ ನಿಮ್ಮ ಸಂಶಯವನ್ನು ಮರೆಮಾಚಬೇಕಾಗಿಲ್ಲ. ಅದನ್ನು ಹೊತ್ತುಕೊಂಡೇ ಬನ್ನಿ, ಬಂದು ಕುಳಿತುಕೊಳ್ಳಿ.

ಭಾರತೀರಮಣ ಮುಖ್ಯಪ್ರಾಣಾಂತರ್ಗತನಾದ ಶ್ರೀಹರಿಯು ಕೇಳುವ ಕಿವಿಯನ್ನೂ, ಕಾಯುವ ತಾಳ್ಮೆಯನ್ನೂ ನಮ್ಮೆಲ್ಲರಿಗೆ ಕರುಣಿಸಲಿ.

ಶ್ರೀಕೃಷ್ಣಾರ್ಪಣಮಸ್ತು.