ಮುಂಗಡವೆಂಬ ನ್ಯಾಸ

ಆದಿತೀರ್ಥಂಕರ ವೃಷಭನಾಥರು ಪ್ರಜೆಗಳ ಜೀವನೋಪಾಯಕ್ಕಾಗಿ ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪ ಎಂಬ ಷಟ್ಕರ್ಮಗಳನ್ನು ಉಪದೇಶಿಸಿದರೆಂಬುದು ಜೈನ ಪುರಾಣಗಳಲ್ಲಿ ಪ್ರಸಿದ್ಧವಾದ ಸಂಗತಿ. ಇಲ್ಲಿ ವಾಣಿಜ್ಯ ಮತ್ತು ಶಿಲ್ಪ ಬೇರೆ ಬೇರೆ ಕರ್ಮಗಳಾಗಿ ಎಣಿಕೆಗೊಂಡಿವೆ. ಆದರೆ ಕುಶಲಕರ್ಮಿಯೊಬ್ಬನು ಗಿರಾಕಿಯ ಅಪೇಕ್ಷೆಯಂತೆ ಒಂದು ವಸ್ತುವನ್ನು ಮಾಡಿಕೊಡಲು ಒಪ್ಪಿ ಮುಂಗಡ ಹಣವನ್ನು ಪಡೆದ ಕ್ಷಣದಲ್ಲಿ ಎರಡೂ ಅವನಲ್ಲಿ ಒಂದಾಗುತ್ತವೆ. ಕೈ ಶಿಲ್ಪಿಯದು, ಮಾತು ವರ್ತಕನದು. ಕೈಯ ಕೆಲಸ ನಿರ್ದೋಷವಾಗಿದ್ದರೆ ಮಾತಿನ ಲೋಪವನ್ನು ಲೆಕ್ಕಕ್ಕೆ ಹಿಡಿಯಬೇಕಾಗಿಲ್ಲವೇ ಎಂಬುದು ವಿಚಾರಣೀಯ.

ಒಂದು ಶ್ರಾವಕ ಕುಟುಂಬವನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳಬಹುದು. ಮನೆಯ ಹಿರಿಯ ಶ್ರಾವಿಕೆಗೆ ಎಂಬತ್ತು ದಾಟಿದೆ. ಊರಿನ ಬಸದಿಗೆ ಒಂದು ಅಡಿ ಎತ್ತರದ ಪಂಚಲೋಹದ ಪಾರ್ಶ್ವನಾಥ ಬಿಂಬವನ್ನು ಅರ್ಪಿಸಿ, ಅದರ ಅಭಿಷೇಕವನ್ನು ಕಣ್ಣಾರೆ ಕಾಣಬೇಕೆಂಬುದು ಆಕೆಯ ಬಯಕೆ. ಮಕ್ಕಳು ಒಬ್ಬ ಎರಕದ ಶಿಲ್ಪಿಯನ್ನು ಕಂಡು ಅರ್ಧ ಹಣವನ್ನು ಮುಂಗಡವಾಗಿ ಕೊಡುತ್ತಾರೆ. ಸಮೀಪದ ಊರಿನಲ್ಲಿ ಮಾಘ ಮಾಸದಲ್ಲಿ ಪಂಚಕಲ್ಯಾಣ ಮಹೋತ್ಸವವಿದೆ. ಅಲ್ಲಿಯೇ ಬಿಂಬಕ್ಕೆ ಸಂಸ್ಕಾರವಾಗಬೇಕು. ದೀಪಾವಳಿಗೆ ಮೂರ್ತಿ ಸಿದ್ಧವೆಂದು ಶಿಲ್ಪಿ ಮಾತು ಕೊಡುತ್ತಾನೆ. ದೀಪಾವಳಿ ಕಳೆಯುತ್ತದೆ. ವಿಚಾರಿಸಿದಾಗ ‘ಮುಂದಿನ ವಾರ’ ಎಂಬ ಉತ್ತರ ಬರುತ್ತದೆ. ಆ ವಾರ ಕಳೆದ ಮೇಲೆ ಉತ್ತರವೇ ಬರುವುದಿಲ್ಲ. ದೂರವಾಣಿ ಕರೆಗೆ ಓಗೊಡುವವರಿಲ್ಲ, ಪತ್ರಕ್ಕೆ ಮಾರೋಲೆಯಿಲ್ಲ. ಮಾಘವೂ ಮುಗಿಯುತ್ತದೆ. ವೈಶಾಖದಲ್ಲಿ ಬಿಂಬವು ಮನೆಗೆ ಬಂದಾಗ ಅದು ಸರ್ವಾಂಗಸುಂದರವಾಗಿಯೇ ಇದೆ. ಆದರೆ ಅದನ್ನು ನೋಡಬೇಕಾದ ಹಿರಿಯ ಜೀವ ಇಲ್ಲ.

ಇಲ್ಲಿ ಶಿಲ್ಪಿಯ ಪಕ್ಷದಿಂದ ಹೇಳಬೇಕಾದುದು ಸಾಕಷ್ಟಿದೆ. ಮೇಣದಲ್ಲಿ ರೂಪವನ್ನು ತಿದ್ದಿ, ಅದಕ್ಕೆ ಮಣ್ಣಿನ ಲೇಪ ಕೊಟ್ಟು, ನೆರಳಿನಲ್ಲಿ ಒಣಗಿಸಿ, ಕಾಯಿಸಿ ಮೇಣವನ್ನು ಹೊರಗೆ ಹರಿಯಿಸಿ, ಆ ಬರಿದಾದ ಜಾಗಕ್ಕೆ ಕರಗಿದ ಲೋಹವನ್ನು ಎರೆಯುವುದು ಈ ಕಲೆಯ ಕ್ರಮ. ಮಳೆಗಾಲದಲ್ಲಿ ಮಣ್ಣು ಬೇಗ ಒಣಗುವುದಿಲ್ಲ. ತೇವ ಉಳಿದರೆ ಎರಕ ಕೆಡುತ್ತದೆ. ಅಚ್ಚನ್ನು ಒಡೆದೇ ಮೂರ್ತಿಯನ್ನು ತೆಗೆಯಬೇಕಾದುದರಿಂದ, ಒಮ್ಮೆ ಕೆಟ್ಟರೆ ಮತ್ತೆ ಮೇಣದಿಂದಲೇ ಆರಂಭಿಸಬೇಕು. ಇಂತಹ ಕಾಯಕದಲ್ಲಿ ವಿಳಂಬವು ಸಹಜ. ಧರ್ಮಸ್ಥಳದ ಬಾಹುಬಲಿ ಮೂರ್ತಿಯ ಸಂಕಲ್ಪ ಮಾಡಿದವರು ಶ್ರೀ ರತ್ನವರ್ಮ ಹೆಗ್ಗಡೆಯವರು. ಅವರು 1968ರಲ್ಲಿ ದಿವಂಗತರಾದರು. ಶಿಲ್ಪಿ ರೆಂಜಾಳ ಗೋಪಾಲ ಶೆಣೈ ಅವರು ಕಾರ್ಕಳದಲ್ಲಿ ಕೆತ್ತಿದ ಆ 39 ಅಡಿಯ ಮೂರ್ತಿಯನ್ನು 1973ರಲ್ಲಿ ಧರ್ಮಸ್ಥಳಕ್ಕೆ ಸಾಗಿಸಲಾಯಿತು; ಪ್ರತಿಷ್ಠೆ ನೆರವೇರಿದ್ದು 1982ರಲ್ಲಿ. ಸಂಕಲ್ಪಿಸಿದವರು ಅದನ್ನು ಕಾಣಲಿಲ್ಲವೆಂದು ಯಾರೂ ಶಿಲ್ಪಿಯನ್ನು ದೂರುವಂತಿಲ್ಲ. ಕಲೆಗೆ ತನ್ನದೇ ಆದ ಕಾಲವುಂಟು.

ಆದುದರಿಂದ ದೋಷವು ವಿಳಂಬದಲ್ಲಿಲ್ಲ, ವಿಳಂಬವನ್ನು ಬಚ್ಚಿಟ್ಟುದರಲ್ಲಿದೆ. ಮಣ್ಣು ಒಣಗಲು ಸಮಯ ಬೇಕು. ‘ಮಣ್ಣು ಒಣಗಿಲ್ಲ’ ಎಂದು ತಿಳಿಸಲು ಎಷ್ಟು ಸಮಯ ಬೇಕು? ಕಾರ್ತಿಕದಲ್ಲಿಯೇ ನಿಜಸ್ಥಿತಿಯನ್ನು ಹೇಳಿದ್ದರೆ ಆ ಕುಟುಂಬಕ್ಕೆ ಬೇರೆ ದಾರಿಗಳಿದ್ದವು. ಸಿದ್ಧವಾಗಿರುವ ಚಿಕ್ಕ ಬಿಂಬವೊಂದನ್ನು ತರಬಹುದಾಗಿತ್ತು. ತಾಯಿಗೆ ವಿಷಯವನ್ನು ತಿಳಿಸಿ ಆಕೆಯ ಮನಸ್ಸನ್ನು ಸಿದ್ಧಗೊಳಿಸಬಹುದಾಗಿತ್ತು. ಮೌನವು ಆ ದಾರಿಗಳನ್ನೆಲ್ಲ ಮುಚ್ಚಿತು.

ಆಚಾರ್ಯ ಸಮಂತಭದ್ರರು ರತ್ನಕರಂಡ ಶ್ರಾವಕಾಚಾರದಲ್ಲಿ ಸತ್ಯಾಣುವ್ರತದ ಐದು ಅತಿಚಾರಗಳನ್ನು ಹೇಳುವಾಗ ನ್ಯಾಸಾಪಹಾರವನ್ನೂ ಸೇರಿಸಿದ್ದಾರೆ. ತತ್ತ್ವಾರ್ಥಸೂತ್ರದಲ್ಲಿಯೂ ಅದು ಸತ್ಯವ್ರತದ ಅತಿಚಾರಗಳಲ್ಲಿಯೇ ಬಂದಿದೆ. ನ್ಯಾಸವೆಂದರೆ ನಂಬಿ ಇಟ್ಟ ಒಡವೆ ಅಥವಾ ಹಣ. ಇಟ್ಟವನು ಅದರ ಮೊತ್ತವನ್ನು ಮರೆತು ಕಡಿಮೆ ಕೇಳಿದಾಗ, ‘ಹೌದು, ಅಷ್ಟೇ’ ಎಂದು ಒಪ್ಪಿ ಉಳಿದುದನ್ನು ತಾನೇ ಇರಿಸಿಕೊಳ್ಳುವುದು ಇದರ ಪ್ರಸಿದ್ಧ ವಿವರಣೆ. ಮೇಲುನೋಟಕ್ಕೆ ಇದು ಕಳ್ಳತನದ ಪ್ರಭೇದ. ಆದರೂ ಶಾಸ್ತ್ರಕಾರರು ಇದನ್ನು ಅಚೌರ್ಯವ್ರತದ ಕೆಳಗೆ ಇರಿಸದೆ ಸತ್ಯವ್ರತದ ಕೆಳಗೆ ಇರಿಸಿದರು. ಇನ್ನೊಬ್ಬನ ತಿಳಿವಿನ ಕೊರತೆಯನ್ನು ಸರಿಪಡಿಸಬಲ್ಲವನು ಸರಿಪಡಿಸದೆ ಬಿಡುವುದು ಸತ್ಯಕ್ಕೆ ತಗಲುವ ಕಲೆ ಎಂಬ ಭಾವವನ್ನು ಇದರಿಂದ ಗ್ರಹಿಸಬಹುದು.

ಮುಂಗಡ ಹಣವೂ ಅಂತಹ ಒಂದು ನ್ಯಾಸ. ಚಿಕ್ಕ ಕಾರ್ಖಾನೆಗಳಲ್ಲಿ ಹೊಸ ಗಿರಾಕಿಯ ಮುಂಗಡದಿಂದ ಹಳೆಯ ಗಿರಾಕಿಯ ಲೋಹವನ್ನು ಕೊಳ್ಳುವ ರೂಢಿ ಬೆಳೆದಾಗ, ಶಿಲ್ಪಿಯು ಸದಾ ಒಬ್ಬನಿಗೆ ಋಣಿಯಾಗಿಯೇ ಇನ್ನೊಬ್ಬನ ಕೆಲಸವನ್ನು ಮಾಡುತ್ತಿರುತ್ತಾನೆ. ನಾಚಿಕೆಯಿಂದ ಮಾತು ನಿಲ್ಲುತ್ತದೆ. ಮೋಸ ಮಾಡಬೇಕೆಂಬ ಉದ್ದೇಶ ಅವನಿಗಿಲ್ಲ. ಆದರೆ ಉದ್ದೇಶವಿಲ್ಲವೆಂಬ ಮಾತ್ರಕ್ಕೆ ಹೊಣೆ ತಪ್ಪುವುದಿಲ್ಲ. ಹಿಂಸೆಯ ಲಕ್ಷಣವನ್ನು ಹೇಳುವಾಗ ಜೈನಶಾಸ್ತ್ರವು ಪ್ರಮಾದವನ್ನೇ ಮುಖ್ಯ ಕಾರಣವಾಗಿ ಎತ್ತಿ ಹೇಳಿದೆ. ಎಚ್ಚರಗೇಡಿತನದಿಂದ ಇನ್ನೊಂದು ಜೀವಕ್ಕೆ ಆಗುವ ನೋವು ನೋವೇ. ಹಣವನ್ನು ಬಡ್ಡಿಸಹಿತ ಹಿಂದಿರುಗಿಸಬಹುದು. ಕಳೆದುಹೋದ ಮಾಘ ಮಾಸವನ್ನು ಹಿಂದಿರುಗಿಸುವ ಬಗೆ ಯಾವುದು?

ಲೌಕಿಕ ಕಾನೂನು ಕೂಡ ಈ ವಿಷಯದಲ್ಲಿ ಬಹುಮಟ್ಟಿಗೆ ಇದೇ ದಾರಿಯಲ್ಲಿ ನಡೆದಿದೆ. 1986ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಸ್ಥಾನದಲ್ಲಿ ಬಂದ 2019ರ ಕಾಯಿದೆಯು, ಗ್ರಾಹಕನಿಗೆ ತಿಳಿಯಬೇಕಾದ ಸಂಗತಿಯನ್ನು ಬೇಕೆಂದೇ ತಡೆಹಿಡಿಯುವುದನ್ನು ಸೇವಾನ್ಯೂನತೆಯೆಂದು ಪರಿಗಣಿಸುತ್ತದೆ.

ಹಾಗಾದರೆ ನೊಂದ ಗೃಹಸ್ಥನು ಏನು ಮಾಡಬೇಕು? ಕ್ಷಮೆಯೇ ಉತ್ತಮ ಧರ್ಮವೆಂದು ಸುಮ್ಮನಿರಬೇಕೇ? ಕ್ಷಮೆಯೆಂದರೆ ಕ್ರೋಧದ ತ್ಯಾಗ. ಲೆಕ್ಕ ಕೇಳುವುದರ ತ್ಯಾಗವಲ್ಲ. ಶಾಂತವಾಗಿ ಶಿಲ್ಪಿಯ ಎದುರಿಗೆ ಕುಳಿತು ‘ನಿಮ್ಮ ಮೌನದಿಂದ ಹೀಗಾಯಿತು’ ಎಂದು ತಿಳಿಸುವುದು ಅವನಿಗೂ, ಅವನನ್ನು ನಂಬಿ ಬರಲಿರುವ ಮುಂದಿನ ಕುಟುಂಬಕ್ಕೂ ಮಾಡುವ ಉಪಕಾರ. ಅದು ಫಲಿಸದಿದ್ದರೆ ನ್ಯಾಯಬದ್ಧವಾದ ದೂರನ್ನು ಸಲ್ಲಿಸುವುದರಲ್ಲಿಯೂ ಅಧರ್ಮವಿಲ್ಲ. ಆದರೆ ಸಮಂತಭದ್ರರ ಅದೇ ಪಟ್ಟಿಯಲ್ಲಿ ಪೈಶುನ್ಯ, ಎಂದರೆ ಚಾಡಿಮಾತು, ಕೂಡ ಇದೆಯೆಂಬುದನ್ನು ಮರೆಯಲಾಗದು. ಶಿಲ್ಪಿಯ ಎದುರು ಬಾಯಿ ಬಿಡದೆ, ಮದುವೆ ಮನೆಯಲ್ಲಿ, ಬಸದಿಯ ಜಗುಲಿಯಲ್ಲಿ ಅವನ ಹೆಸರನ್ನು ಕೆಡಿಸುತ್ತಾ ಹೋಗುವವನು ತಾನೂ ಸತ್ಯವ್ರತಕ್ಕೆ ಕಲೆ ತಂದುಕೊಳ್ಳುತ್ತಾನೆ. ಮಾಡುವವನ ಮೌನವನ್ನೂ ಮಾಡಿಸುವವನ ಚಾಡಿಯನ್ನೂ ಶಾಸ್ತ್ರವು ಒಂದೇ ಸಾಲಿನಲ್ಲಿ ನಿಲ್ಲಿಸಿದೆ.

ಮಾಡಿಸುವವರು ತಮ್ಮ ನಡತೆಯನ್ನು ಪರೀಕ್ಷಿಸಿಕೊಳ್ಳಬೇಕಾದ ಇನ್ನೂ ಕೆಲವು ಸಂಗತಿಗಳಿವೆ. ಮೇಣದ ರೂಪ ಮುಗಿದ ಮೇಲೆ ‘ಪೀಠ ಇನ್ನಷ್ಟು ಅಗಲವಾಗಲಿ, ಹೆಸರಿನ ಜೊತೆಗೆ ವಂಶಾವಳಿಯೂ ಇರಲಿ’ ಎಂದು ಸೂಚಿಸಿ ಹಳೆಯ ದಿನಕ್ಕೇ ಮೂರ್ತಿ ಬೇಕೆನ್ನುವುದು ನ್ಯಾಯವಲ್ಲ. ಅನೇಕ ಟ್ರಸ್ಟುಗಳಲ್ಲಿ ಕೆಲಸವನ್ನು ಒಪ್ಪಿಸಿಕೊಂಡ ಬಳಿಕ ಬಾಕಿ ಹಣವು ‘ಮುಂದಿನ ಸಭೆಯಲ್ಲಿ ತೀರ್ಮಾನಿಸೋಣ’ ಎಂಬ ಮಾತಿನಲ್ಲಿ ತಿಂಗಳುಗಟ್ಟಲೆ ನಿಲ್ಲುತ್ತದೆ. ಆಗ ಶಿಲ್ಪಿಯ ಪತ್ರಕ್ಕೆ ಉತ್ತರ ಬರೆಯದವರು ಟ್ರಸ್ಟಿನವರೇ. ಆ ಬಾಕಿಗಾಗಿ ಕಾಯುತ್ತಲೇ ಅವನು ಇನ್ನೊಬ್ಬರ ಮುಂಗಡಕ್ಕೆ ಕೈ ಹಾಕುತ್ತಾನೆ. ಒಂದು ಬಸದಿಯ ಉದಾಸೀನವು ಹೀಗೆ ಇನ್ನೊಂದು ಊರಿನ ಶ್ರಾವಿಕೆಯ ಕೊನೆಯ ಬಯಕೆಯನ್ನು ತಪ್ಪಿಸಬಲ್ಲುದು.

ದಶಲಕ್ಷಣ ಪರ್ವದ ಕೊನೆಯಲ್ಲಿ ಕ್ಷಮಾವಣಿಯ ದಿನ ಎಲ್ಲರೂ ಎಲ್ಲರಲ್ಲಿಯೂ ಕ್ಷಮೆ ಬೇಡುತ್ತಾರೆ. ಅದು ಪವಿತ್ರವಾದ ಆಚರಣೆ. ಆದರೆ ವರ್ಷಕ್ಕೊಮ್ಮೆ ಬೇಡುವ ಕ್ಷಮೆಯು ತಿಂಗಳಿಗೊಮ್ಮೆ ಬರೆಯಬೇಕಾಗಿದ್ದ ನಾಲ್ಕು ಸಾಲಿನ ಕಾಗದಕ್ಕೆ ಬದಲಿಯಾಗಲಾರದು. ‘ಕೆಲಸ ಇಲ್ಲಿಯವರೆಗೆ ಆಗಿದೆ, ಇಷ್ಟು ಉಳಿದಿದೆ, ಹೇಳಿದ ದಿನಕ್ಕೆ ಆಗುವುದಿಲ್ಲ, ಬೇಡವಾದರೆ ಹಣವನ್ನು ಹಿಂದಿರುಗಿಸುತ್ತೇನೆ’ ಎಂದು ಬರೆಯಬಲ್ಲ ಶಿಲ್ಪಿಯ ಬಿಂಬವು ತಡವಾಗಿ ಬಂದರೂ ನಿಷ್ಕಳಂಕವಾಗಿಯೇ ಬರುತ್ತದೆ. ಬಾಕಿಯನ್ನು ಕೇಳುವ ಮುನ್ನವೇ ಸಲ್ಲಿಸುವ ಟ್ರಸ್ಟಿನ ಪೂಜೆಯೂ ಅಂತಹುದೇ.