ಹೆಗಲು ತಪ್ಪೋ, ರವಿಕೆ ತಪ್ಪೋ?

‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬುದು ನಾವೆಲ್ಲ ಕೇಳುತ್ತ ಬೆಳೆದ ಗಾದೆ. ಸಂಬಳದ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಬುದ್ಧಿಮಾತು ಇಲ್ಲ. ತಿಂಗಳ ಕೊನೆಯ ವಾರದಲ್ಲಿ ಅದರ ಸತ್ಯವನ್ನು ನಾನೂ ತಲೆಬಾಗಿ ಒಪ್ಪಿಕೊಳ್ಳುತ್ತೇನೆ. ಆದರೆ ಈ ಗಾದೆಯನ್ನು ಸಂಬಳದಿಂದಾಚೆಗೂ ಒಯ್ದು, ಎಲ್ಲೆಲ್ಲೂ ಕಾಲೇ ಹಾಸಿಗೆಗೆ ಹೊಂದಿಕೊಳ್ಳತಕ್ಕದ್ದು ಎಂದರೆ ಹೇಗೆ? ಈ ಪ್ರಶ್ನೆ ನನ್ನಲ್ಲಿ ಎದ್ದದ್ದು ತತ್ತ್ವಶಾಸ್ತ್ರದ ಗ್ರಂಥವನ್ನು ಓದುವಾಗ ಅಲ್ಲ. ಮಗಳಿಗೊಂದು ರವಿಕೆ ಹೊಲಿಯುವಾಗ.

ನಾನು ಹೊಲಿಗೆಯಲ್ಲಿ ಪಳಗಿದವಳಲ್ಲ. ತಾಯಿಯ ಹಳೆಯ ಯಂತ್ರವೊಂದು ಮನೆಯಲ್ಲಿದೆ. ದಿಂಬಿನ ಗವಸು, ಕಿಟಕಿಯ ಪರದೆ ಇವಿಷ್ಟು ನನ್ನ ಕೈಯಿಂದ ಆಗುವ ಕೆಲಸ. ಕಾಲೇಜಿನ ವಾರ್ಷಿಕೋತ್ಸವಕ್ಕೆ ಮಗಳು ನನ್ನ ರೇಷ್ಮೆ ಸೀರೆ ಉಡುವುದೆಂದು ನಿಶ್ಚಯವಾಯಿತು. ಮದುವೆಯ ಕಾಲವಾದ್ದರಿಂದ ಟೈಲರು ಮೂರು ವಾರದ ಗಡುವು ಕೇಳಿದರು. ಹೊಲಿಗೆಯ ಪುಸ್ತಕವೊಂದನ್ನು ತೆಗೆದು, ಅದರಲ್ಲಿದ್ದ 34 ಇಂಚಿನ ಎದೆಯಳತೆಯ ನಕ್ಷೆಯನ್ನು ಕಂದು ಕಾಗದದ ಮೇಲೆ ಬರೆದುಕೊಂಡೆ. ಅಚ್ಚಾದ ಅಕ್ಷರದ ಮೇಲೆ ಅಧ್ಯಾಪಕರಿಗೆ ಇರುವ ಭಕ್ತಿ ತಮಗೆ ತಿಳಿಯದ್ದೇನಲ್ಲ. ಪುಸ್ತಕ ಹೇಳಿದ ಗೆರೆಯಿಂದ ಕೂದಲೆಳೆಯಷ್ಟೂ ಆಚೀಚೆ ಹೋಗದೆ ಕತ್ತರಿಸಿ ಹೊಲಿದೆ.

ತೊಟ್ಟು ನೋಡಿದಾಗ ಬಲಗಡೆ ಸರಿಯಾಗಿ ಕೂತಿತು. ಎಡಗಡೆ ಮಾತ್ರ ಕೊರಳಿನ ಬುಡದಿಂದ ಕಂಕುಳಿನವರೆಗೆ ಓರೆಯಾಗಿ ಒಂದು ಸುಕ್ಕು ಬಿತ್ತು. ಎಷ್ಟು ಎಳೆದು ಸವರಿದರೂ ಅದು ಮತ್ತೆ ಅಲ್ಲೇ ಬಂದು ಕೂರುತ್ತಿತ್ತು. ಹತ್ತೊಂಬತ್ತು ವರ್ಷದ ಹುಡುಗಿ ಕನ್ನಡಿಯ ಮುಂದೆ ಸ್ವಲ್ಪ ಹೊತ್ತು ನಿಂತಿದ್ದು, ಬಹಳ ಮೆಲ್ಲಗೆ, “ಅಮ್ಮ, ನನ್ನ ಹೆಗಲೇ ಸರಿಯಿಲ್ಲ” ಎಂದಳು. ಅವಳ ಎಡಹೆಗಲು ಬಲಕ್ಕಿಂತ ಅರ್ಧ ಇಂಚು ತಗ್ಗು. ಹೆತ್ತ ತಾಯಿಯಾದ ನಾನೂ ಆವರೆಗೆ ಅದನ್ನು ಗಮನಿಸಿರಲಿಲ್ಲ.

ಕಾಳು ಆರಿಸುತ್ತ ಕೂತಿದ್ದ ನನ್ನ ತಾಯಿ ತಲೆಯೆತ್ತದೆಯೇ ಹೇಳಿದರು: “ಹೆಗಲು ಹುಟ್ಟಿದಾಗಿನಿಂದ ಇದೆ ಕಣೇ. ರವಿಕೆ ಹುಟ್ಟಿದ್ದು ನಿನ್ನೆ ಸಾಯಂಕಾಲ. ಇಬ್ಬರಲ್ಲಿ ದೊಡ್ಡೋರು ಯಾರು? ಬಿಚ್ಚು ಹೊಲಿಗೆ.”

ನಾವೆಲ್ಲ ನಕ್ಕೆವು. ಆದರೆ ಮಗಳ ಮಾತು ನನ್ನ ಮನಸ್ಸಿನಿಂದ ಹೋಗಲಿಲ್ಲ. ಬಟ್ಟೆಯೂ ಮೈಯೂ ಹೊಂದದೆ ಹೋದಾಗ ತಪ್ಪು ಮೈಯದೇ ಎಂದು ಅವಳು ಎಷ್ಟು ಸುಲಭವಾಗಿ ಒಪ್ಪಿಕೊಂಡಳು! ಯಾರೂ ಅವಳಿಗೆ ಹಾಗೆ ಕಲಿಸಿರಲಿಲ್ಲ. ಅಥವಾ ನಾವೆಲ್ಲರೂ ಸೇರಿ ಕಲಿಸಿದ್ದೆವೋ ಏನೋ.

ಸೀರೆ, ಪಂಚೆಗಳಿಗೆ ಈ ತೊಡಕಿಲ್ಲ. ಆರು ಗಜದ ಸೀರೆ ಉಡುವವಳು ಯಾರೆಂದು ಕೇಳುವುದಿಲ್ಲ. ಅಜ್ಜಿಗೂ ಮೊಮ್ಮಗಳಿಗೂ ಅದೇ ಸೀರೆ ಸಲ್ಲುತ್ತದೆ, ನೆರಿಗೆಗಳು ಮಾತ್ರ ಹೆಚ್ಚುಕಡಿಮೆಯಾಗುತ್ತವೆ. ಹೊಲಿದ ಬಟ್ಟೆ ಹಾಗಲ್ಲ. ಅದು ಮೈಯನ್ನು ಮೊದಲೇ ತಿಳಿದಿರಬೇಕು. ನಮ್ಮ ಟೈಲರುಗಳು ಇದಕ್ಕೆ ಕಂಡುಕೊಂಡ ಉಪಾಯವೇ ‘ಅಳತೆ ರವಿಕೆ’. ಸರಿಯಾಗಿ ಕೂತ ಹಳೆಯ ರವಿಕೆಯೊಂದನ್ನು ಹೊಸ ಬಟ್ಟೆಯೊಡನೆ ಕೊಟ್ಟರಾಯಿತು. ನಿಮ್ಮ ಹೆಗಲಿನ ಗುಟ್ಟೆಲ್ಲ ಅದರಲ್ಲಿದೆ. ಅಚ್ಚಾದ ನಕ್ಷೆಯ ದಾರಿ ಇದಕ್ಕೆ ತಿರುಗುಮುರುಗು. ಅದನ್ನು ಬರೆದವನು ನಿಮ್ಮನ್ನು ಕಂಡವನಲ್ಲ.

ಹಾಗೆಂದು ನಕ್ಷೆಯನ್ನು ಹಳಿಯುವುದು ಕೃತಘ್ನತೆ. ಅಮೆರಿಕದ ಮ್ಯಾಸಚೂಸೆಟ್ಸ್ ಪ್ರಾಂತದ ಎಬನೀಜರ್ ಬಟರಿಕ್ ಎಂಬ ದರ್ಜಿ 1863 ರಲ್ಲಿ ಬೇರೆ ಬೇರೆ ಸೈಜುಗಳ ಕಾಗದದ ನಕ್ಷೆಗಳನ್ನು ಮಾರತೊಡಗಿದ. ದರ್ಜಿಗೆ ಕೂಲಿ ಕೊಡಲಾರದ ಗೃಹಿಣಿಯರೂ ಮನೆಯಲ್ಲಿ ಧೈರ್ಯವಾಗಿ ಕತ್ತರಿ ಹಿಡಿದದ್ದು ಇಂಥ ಕಾಗದದ ಬಲದಿಂದ. ಹತ್ತಾರು ಜನ ಬಟ್ಟೆ ಕೆಡಿಸಿ ಕಲಿತ ಪಾಠವನ್ನು ಹನ್ನೊಂದನೆಯವಳು ಬಟ್ಟೆ ಕೆಡಿಸದೆ ಕಲಿಯಲು ನಕ್ಷೆ ಬೇಕು. ನಿಯಮ, ಕಾನೂನು, ಶಾಸ್ತ್ರ ಎಂದು ನಾವು ಕರೆಯುವುದೆಲ್ಲ ಈ ಬಗೆಯ ಉಪಕಾರವೇ.

ತೊಡಕು ಹುಟ್ಟುವುದು ನಕ್ಷೆ ತನ್ನನ್ನು ತಾನೇ ಮನುಷ್ಯನೆಂದು ತಿಳಿದಾಗ. 1939–40 ರಲ್ಲಿ ಅಮೆರಿಕದ ಸರ್ಕಾರ ಸಿದ್ಧ ಉಡುಪಿನ ಸೈಜುಗಳನ್ನು ಶಾಸ್ತ್ರೀಯವಾಗಿ ಗೊತ್ತುಮಾಡಲು ಸುಮಾರು 15,000 ಮಹಿಳೆಯರನ್ನು, ಒಬ್ಬೊಬ್ಬರಿಗೆ 59 ಅಳತೆಗಳಂತೆ, ಅಳೆಸಿತು. ಬಿಳಿಯರಲ್ಲದವರ ಅಳತೆಗಳನ್ನು ಲೆಕ್ಕದಿಂದ ಕೈಬಿಡಲಾಯಿತೆಂಬುದನ್ನೂ ಇಲ್ಲಿ ನೆನೆಯಬೇಕು. ಇಂಥ ಅಳತೆಗಳ ಆಧಾರದ ಮೇಲೆ 1958 ರಲ್ಲಿ ಪ್ರಮಾಣಿತ ಸೈಜುಗಳ ಪಟ್ಟಿ ಹೊರಬಂದಿತು. 1983 ರಲ್ಲಿ ಅದನ್ನು ಹಿಂದೆಗೆದುಕೊಂಡರು. ಮೈಗಳು ಪಟ್ಟಿಯ ಮಾತು ಕೇಳಲಿಲ್ಲ.

ಇನ್ನೊಂದು ಸಂಗತಿ ಇದಕ್ಕಿಂತ ಸ್ವಾರಸ್ಯವಾದದ್ದು. 1950 ರಲ್ಲಿ ಅದೇ ದೇಶದ ವಾಯುಪಡೆ ವಿಮಾನದ ಆಸನವನ್ನು ಚಾಲಕರಿಗೆ ಒಪ್ಪುವಂತೆ ಮಾಡಲು ಸಾವಿರಾರು ಜನ ಚಾಲಕರನ್ನು ಅಳೆಯಿತು. ಗಿಲ್ಬರ್ಟ್ ಡೇನಿಯಲ್ಸ್ ಎಂಬ ತರುಣ ಸಂಶೋಧಕ ಅವರಲ್ಲಿ 4,063 ಮಂದಿಯ ಹತ್ತು ಮುಖ್ಯ ಅಳತೆಗಳನ್ನು ತೆಗೆದುಕೊಂಡು, ಹತ್ತರಲ್ಲಿಯೂ ಸರಾಸರಿಗೆ ಹತ್ತಿರವಿರುವವರು ಎಷ್ಟು ಜನ ಎಂದು ಹುಡುಕಿದ. ಒಬ್ಬನೂ ಸಿಗಲಿಲ್ಲ! ಎತ್ತರ ಸರಿಯಿದ್ದವನಿಗೆ ತೋಳು ಉದ್ದ. ತೋಳು ಸರಿಯಿದ್ದವನಿಗೆ ಎದೆ ಅಗಲ. ಯಾರನ್ನು ಕಣ್ಣ ಮುಂದಿಟ್ಟುಕೊಂಡು ಎಲ್ಲವನ್ನೂ ಕಟ್ಟುತ್ತಿದ್ದರೋ ಆ ‘ಸರಾಸರಿ ಮನುಷ್ಯ’ ಹುಟ್ಟಿಯೇ ಇರಲಿಲ್ಲ. ಕೊನೆಗೆ ಹಿಂದೆ ಮುಂದೆ ಸರಿಸಬಹುದಾದ ಆಸನಗಳೇ ಗತಿಯಾದವು. ಹಾಸಿಗೆಯೇ ಕಾಲಿಗೆ ಹೊಂದಿಕೊಂಡಿತು ಎನ್ನೋಣ.

ಈಗ ನನ್ನ ರವಿಕೆಗೆ ಬರುತ್ತೇನೆ. ಅಂದು ರಾತ್ರಿ ತಾಯಿ ನನಗೆ ಪಾಠ ಹೇಳಿದರು. ಸುಕ್ಕನ್ನು ಸವರಿ ಅಡಗಿಸಬಾರದು. ಅದು ಬಟ್ಟೆ ಹೇಳುವ ದೂರು. ಅದು ಎತ್ತ ಮುಖ ಮಾಡಿದೆಯೋ ಅತ್ತ ನೋಡಬೇಕು. ಬಟ್ಟೆಯನ್ನು ಎರಡಾಗಿ ಮಡಿಸಿ ಕತ್ತರಿಸುವಾಗ ಎರಡು ಹೆಗಲೂ ಒಂದೇ ಎಂದು ನಾವೇ ಮೊದಲು ತೀರ್ಮಾನಿಸಿಬಿಡುತ್ತೇವೆ; ಸಂದೇಹವಿದ್ದಾಗ ಎರಡು ಪಕ್ಕಕ್ಕೂ ಬೇರೆ ಬೇರೆ ಕಾಗದ ಬರೆಯಬೇಕು. ರೇಷ್ಮೆಗೆ ಕತ್ತರಿ ಹಾಕುವ ಮೊದಲು ಹಳೆಯ ಪಂಚೆಯ ತುಂಡಿನಲ್ಲಿ ಕಚ್ಚಾ ಹೊಲಿಗೆ ಹಾಕಿ ನೋಡಬೇಕು. ಮೈಯಳತೆ ಎಷ್ಟೋ ಅಷ್ಟಕ್ಕೇ ಹೊಲಿದರೆ ಉಸಿರು ಕಟ್ಟುತ್ತದೆ. ಒಂದೆರಡು ಇಂಚು ಸಡಿಲ ಬಿಡಬೇಕು. ಒಳಗಡೆ ಹೊಲಿಗೆಯಾಚೆ ಒಂದಿಷ್ಟು ಬಟ್ಟೆ ಬಿಟ್ಟಿರಬೇಕು. ಇಂದಿನ ಮೈ ನಾಳೆಯ ಮೈಯಲ್ಲ.

ಎಲ್ಲಕ್ಕಿಂತ ಮುಖ್ಯವಾದ ಮಾತು ಬೇರೊಂದಿತ್ತು. ತಗ್ಗಾದ ಹೆಗಲಿಗೆಂದು ನಾನು ಎಡಗಡೆಯ ಹೆಗಲ ಹೊಲಿಗೆಯನ್ನು ಅರ್ಧ ಇಂಚು ಇಳಿಸಲು ಹೊರಟೆ. ತಾಯಿ ಕೈ ಹಿಡಿದು ತಡೆದರು. ಹೆಗಲನ್ನಷ್ಟೇ ಇಳಿಸಿದರೆ ಕಂಕುಳ ಸುತ್ತು ಕಿರಿದಾಗಿ ತೋಳು ಕೂರುವುದಿಲ್ಲ. ಕಂಕುಳಿನ ತಳವನ್ನೂ ಅಷ್ಟೇ ಅರ್ಧ ಇಂಚು ಇಳಿಸಬೇಕು, ಮುಂಭಾಗದಲ್ಲೂ, ಬೆನ್ನಿನಲ್ಲೂ. “ಒಂದು ಕಡೆ ಬದಲಾಯಿಸಿದ ಮೇಲೆ, ಅದಕ್ಕೆ ಅಂಟಿಕೊಂಡದ್ದನ್ನೆಲ್ಲ ನೋಡಬೇಕು. ಇಲ್ಲದಿದ್ದರೆ ಸುಕ್ಕು ಇಲ್ಲಿಂದ ಎದ್ದು ಅಲ್ಲಿಗೆ ಹೋಗುತ್ತೆ, ಅಷ್ಟೆ” ಎಂದರು.

ಆ ರಾತ್ರಿ ಹೊಲಿಗೆ ಬಿಚ್ಚುತ್ತ ಕೂತಾಗ ನನಗೆ ನೆನಪಾದದ್ದು ಹಿಂದೊಮ್ಮೆ ನನ್ನ ತರಗತಿಯಲ್ಲಿದ್ದ ಒಬ್ಬ ಹುಡುಗಿ. ಪರೀಕ್ಷೆಗೆ ಕೂರಲು ನೂರಕ್ಕೆ 75 ರಷ್ಟು ಹಾಜರಿ ಬೇಕೆಂಬುದು ನಿಯಮ. ಅವಳದು ಕಡಿಮೆಯಿತ್ತು. ಕಾರಣವಿದ್ದರೆ ಸ್ವಲ್ಪ ಕೊರತೆಯನ್ನು ಮನ್ನಿಸುವಂತೆ ಅಧ್ಯಾಪಕರು ಬರೆದುಕೊಡಬಹುದಾಗಿತ್ತು. ನಾನು ಕಾರಣ ಕೇಳಲಿಲ್ಲ. ಅವಳಾಗಿಯೇ ಹೇಳಲೂ ಇಲ್ಲ. ಕೊರತೆಯವರ ಪಟ್ಟಿಗೆ ಸಹಿ ಹಾಕಿದೆ. ತಂದೆ ಹಾಸಿಗೆ ಹಿಡಿದಿದ್ದರು, ಅವಳು ಬೆಳಗಿನ ಹೊತ್ತು ಒಂದು ಅಂಗಡಿಯಲ್ಲಿ ದುಡಿಯುತ್ತಿದ್ದಳು ಎಂಬ ಸಂಗತಿ ನನಗೆ ತಿಳಿದದ್ದು ಆಮೇಲೆ. ಮರುವರ್ಷ ಅವಳು ಬರಲಿಲ್ಲ.

ನಾನು ಕ್ರೂರಿಯಾಗಿದ್ದೆನೆಂದಲ್ಲ. ನನಗೂ ಒಂದು ವಾದವಿತ್ತು. ಅದು ಹಗುರವಾದ ವಾದವೂ ಅಲ್ಲ. ಅದೇ ವರ್ಷ ಪ್ರಭಾವಶಾಲಿಯೊಬ್ಬರ ಮಗನ ಹಾಜರಿ, ಮೇಲಿನಿಂದ ಬಂದ ಒಂದು ಮಾತಿನಿಂದ, ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ಭರ್ತಿಯಾದದ್ದನ್ನು ಕಂಡಿದ್ದೆ. ಆ ಜುಗುಪ್ಸೆಯಿಂದಲೇ, ನಾನು ಮಾತ್ರ ಯಾರಿಗೂ ಬಾಗುವುದಿಲ್ಲವೆಂದು ಹಟ ತೊಟ್ಟಿದ್ದೆ. ಒಬ್ಬರಿಗೆ ಬಾಗಿದರೆ ಎಲ್ಲರಿಗೂ ಬಾಗಬೇಕಾದೀತು. ಕೊನೆಗೆ ಕೈಬಲವುಳ್ಳವರಿಗೆ ಮಾತ್ರ ಬಾಗಿದಂತಾದೀತು ಎಂಬ ಭಯ. ಈ ಭಯ ಸುಳ್ಳಲ್ಲ. ನಿಯಮವನ್ನು ಸಡಿಲಿಸುವ ಕರುಣೆಯ ಬಾಗಿಲಿನಿಂದಲೇ ಪಕ್ಷಪಾತವೂ ಒಳಗೆ ಬರುತ್ತದೆ. ಹಾಗಾದರೆ ಬಾಗಿಲು ಮುಚ್ಚುವುದೊಂದೇ ನ್ಯಾಯವೇ?

ಉತ್ತರ ನನ್ನ ಕೊರಳಿನಲ್ಲೇ ನೇತಾಡುತ್ತಿತ್ತು — ಅಳತೆಯ ಟೇಪು. ಮರದ ಅಡಿಕೋಲಿನಿಂದ ಹೆಗಲನ್ನು ಅಳೆಯಲು ಬರುವುದಿಲ್ಲ, ಅದು ಬಾಗದು. ಟೇಪು ಬಾಗುತ್ತದೆ, ಕೊರಳನ್ನು ಸುತ್ತುತ್ತದೆ, ತೋಳನ್ನು ಬಳಸುತ್ತದೆ. ಆದರೆ ಎಷ್ಟು ಬಾಗಿದರೂ ಅದರ ಇಂಚು ಇಂಚೇ. ಹಳೆಯ ಬಟ್ಟೆಯ ಟೇಪುಗಳು ಎಳೆದೆಳೆದು ಹಿಗ್ಗುತ್ತಿದ್ದವು. ನನ್ನ ತಾಯಿ ಆಗಾಗ ಟೇಪನ್ನು ಅಡಿಕೋಲಿನ ಪಕ್ಕದಲ್ಲಿ ಇಟ್ಟು ನೋಡಿ, ಹಿಗ್ಗಿದ್ದರೆ ಹೂವಿನ ಗಿಡ ಕಟ್ಟಲು ಹಾಕಿಬಿಡುತ್ತಿದ್ದರು. ಬಾಗುವುದು ಟೇಪಿನ ಗುಣ. ಹಿಗ್ಗುವುದು ಅದರ ದೋಷ. ಆ ಹುಡುಗನ ವಿಷಯದಲ್ಲಿ ಆದದ್ದು ಹಿಗ್ಗುವಿಕೆ. ಹುಡುಗಿಯ ವಿಷಯದಲ್ಲಿ ನಾನು ಮಾಡಬೇಕಾಗಿದ್ದದ್ದು ಬಾಗುವಿಕೆ. ಇವೆರಡನ್ನೂ ಒಂದೇ ಎಂದೆಣಿಸಿ ನಾನು ಮರದ ಅಡಿಕೋಲಾದೆ. ಅದನ್ನೇ ನಿಷ್ಠೆಯೆಂದು ಕರೆದುಕೊಂಡೆ.

ಎರಡರ ಭೇದವನ್ನು ಕಂಡುಹಿಡಿಯುವುದು ಅಷ್ಟೇನೂ ಕಷ್ಟವಲ್ಲ. ಅಂಥದೇ ಹೆಗಲುಳ್ಳ ಯಾರೇ ಬಂದರೂ ಇದೇ ಅರ್ಧ ಇಂಚನ್ನು ಇಳಿಸಿಕೊಡುತ್ತೇನೆಯೆ? ಇಳಿಸಿದ ಕಾರಣವನ್ನು ತುಂಬಿದ ತರಗತಿಯ ಮುಂದೆ ಗಟ್ಟಿಯಾಗಿ ಹೇಳಬಲ್ಲೆನೆ? ಕಂಕುಳಿನ ಕಡೆಗೂ ನೋಡಿದ್ದೇನೆಯೆ, ಎಂದರೆ ಅವಳಿಗೆ ಕೊಟ್ಟದ್ದರಿಂದ ಮತ್ತೊಬ್ಬರಿಗೆ ಸುಕ್ಕು ಬೀಳದಂತೆ ನೋಡಿಕೊಂಡಿದ್ದೇನೆಯೆ? ಈ ಮೂರಕ್ಕೂ ಹೌದೆನ್ನಬಲ್ಲವರು ಬಾಗಿದರೆ ನಿಯಮಕ್ಕೆ ಅಪಚಾರವಿಲ್ಲ. ನಿಯಮ ಯಾವ ಉದ್ದೇಶಕ್ಕೆ ಹುಟ್ಟಿತೋ ಅದು ಆಗಲೇ ಈಡೇರುತ್ತದೆ.

ಇದು ಹೊಸ ಮಾತೇನೂ ಅಲ್ಲ. ಗ್ರೀಸಿನ ಅರಿಸ್ಟಾಟಲ್ ತನ್ನ ನೀತಿಶಾಸ್ತ್ರದ ಐದನೆಯ ಭಾಗದಲ್ಲಿ ಲೆಸ್ಬಾಸ್ ದ್ವೀಪದ ಕಟ್ಟಡದ ಕೆಲಸಗಾರರನ್ನು ನೆನೆಯುತ್ತಾನೆ. ಅವರ ಅಳತೆಗೋಲು ಸೀಸದ್ದು. ಅದು ಕಲ್ಲಿನ ಆಕಾರಕ್ಕೆ ತಕ್ಕಂತೆ ಬಾಗುತ್ತಿತ್ತು. ಕಾನೂನು ಎಲ್ಲರನ್ನೂ ಕುರಿತು ಒಟ್ಟಾಗಿ ಮಾತಾಡುವುದರಿಂದಲೇ ಕೆಲವೆಡೆ ತಪ್ಪುತ್ತದೆ. ಆ ತಪ್ಪನ್ನು ತಿದ್ದುವುದೂ ನ್ಯಾಯವೇ ಎಂಬುದು ಆತನ ಅಭಿಪ್ರಾಯ. ಅದೇ ಗ್ರೀಕರ ಪುರಾಣದಲ್ಲಿ ಪ್ರೊಕ್ರಸ್ಟಿಸ್ ಎಂಬ ದುಷ್ಟನೊಬ್ಬನಿದ್ದಾನೆ. ಅತಿಥಿಗಳನ್ನು ತನ್ನ ಮಂಚದ ಮೇಲೆ ಮಲಗಿಸಿ, ಉದ್ದವಾದವರ ಕಾಲು ಕಡಿದು, ಗಿಡ್ಡವಾದವರನ್ನು ಎಳೆದು ಹಿಗ್ಗಿಸಿ, ಮಂಚಕ್ಕೆ ಸರಿಮಾಡುತ್ತಿದ್ದನಂತೆ. ನಮ್ಮ ಗಾದೆ ಅವನ ಕಿವಿಗೆ ಬಿದ್ದಿದ್ದರೆ ಬಹಳ ಸಂತೋಷಪಡುತ್ತಿದ್ದನೇನೋ!

ಆ ಹುಡುಗಿಯನ್ನು ಕೆಲವು ವರ್ಷಗಳ ಮೇಲೆ ಲೈನಿಂಗು, ದಾರ, ಗುಂಡಿ ಮಾರುವ ಅಂಗಡಿಯಲ್ಲಿ ಕಂಡೆ. ಗಲ್ಲಾದ ಹಿಂದೆ ನಿಂತಿದ್ದಳು. “ಚೆನ್ನಾಗಿದೀರಾ ಮೇಡಂ?” ಎಂದು ನಗುತ್ತ ಕೇಳಿದಳು. ಓದು ಮುಂದುವರಿಸಲಿಲ್ಲವೆ ಎಂದು ಕೇಳಿದ್ದಕ್ಕೆ, “ಇಲ್ಲ ಮೇಡಂ, ನನಗೆ ಓದು ಅಷ್ಟಾಗಿ ಹತ್ತಲಿಲ್ಲ” ಎಂದಳು. ತರಗತಿಯಲ್ಲಿ ಹಳಗನ್ನಡದ ಪದ್ಯಗಳನ್ನು ತಡೆಯಿಲ್ಲದೆ ಓದುತ್ತಿದ್ದವಳು ಅವಳು. ನನ್ನ ಮೇಲೆ ಅವಳಿಗೆ ದೂರಿರಲಿಲ್ಲ. ತನ್ನ ಹೆಗಲೇ ಸರಿಯಿಲ್ಲವೆಂದು ಆಕೆಯೂ ಒಪ್ಪಿಕೊಂಡಿದ್ದಳು. ನಾನು ಹೊಲಿದ ರವಿಕೆ ಅದು ಎಂದು ಅಂದು ಹೇಳಲು ನನಗೆ ಬಾಯಿ ಬರಲಿಲ್ಲ. ಇಲ್ಲಿ ಹೇಳುತ್ತಿದ್ದೇನೆ.

ಮಗಳ ರವಿಕೆ ಮರುದಿನ ಸರಿಹೋಯಿತು. ತೀರ ಹತ್ತಿರದಿಂದ ನೋಡಿದರೆ ಎಡಗಡೆ ಸಣ್ಣದೊಂದು ಸುಕ್ಕು ಈಗಲೂ ಉಂಟು. ಯಂತ್ರದ ಮುಂದೆ ಕೂತವಳು ನಾನಲ್ಲವೆ? ಅವಳು ಕನ್ನಡಿಯಲ್ಲಿ ಅದನ್ನು ನೋಡಿ, “ಅಮ್ಮ, ಇಲ್ಲಿ ನಿನ್ನ ಹೊಲಿಗೆ ಸರಿಯಿಲ್ಲ” ಎಂದಳು. ನನಗೆ ಬಹಳ ಸಮಾಧಾನವಾಯಿತು.