ಕೌದಿಯ ಕಾಯಕ

ಹಿರಿಯರ ವಸ್ತುವನ್ನು ಕಾಯ್ದಿರಿಸಿದ ಮಾತ್ರಕ್ಕೆ ಅವರ ವಿದ್ಯೆಯನ್ನು ಕಾಯ್ದಂತಾಗುವದೇ? ಇದು ವಿಚಾರಣೀಯವಾದ ಪ್ರಶ್ನೆ.

ಬಳಗಾನೂರ ಸೀಮೆಯಲ್ಲಿ ಸವೆದ ಇಳಕಲ್ಲ ಸೀರೆ, ಹರಿದ ಧೋತರಗಳನ್ನು ಪದರುಪದರಾಗಿ ಹಾಸಿ, ಸಾಲುಹೊಲಿಗೆ ಹಾಕಿ ಅಜ್ಜಿಯರು ಕೌದಿ ಹೊಲಿಯುವರು. ನಮ್ಮ ತಾಯಿಯವರ ಕೌದಿಯನ್ನು ಪೂಜ್ಯವೆಂದು ನಾನು ಹತ್ತು ವರ್ಷ ಪೆಟ್ಟಿಗೆಯಲ್ಲಿಟ್ಟೆನು. ತೆರೆದಾಗ ಇಲಿ ಕಡಿದಿದ್ದಿತು. ತೇಪೆ ಹಾಕಬಲ್ಲವರು ಮನೆಯಲ್ಲಿ ಒಬ್ಬರೂ ಇರಲಿಲ್ಲ. ವಸ್ತುವನ್ನು ಪೂಜಿಸಿ ಕಾಯಕವನ್ನು ಕಳೆದುಕೊಂಡಿದ್ದೆವು.

ಹೆಂಗಸರ ಕೆಲಸವೆಂದು ನಾನು ಸೂಜಿ ಹಿಡಿದವನಲ್ಲ. ಆದರೆ ಸೂಜಿಕಾಯಕದ ರಾಮಿತಂದೆ ಗಂಡಸಲ್ಲವೇ? ಶರಣರ ಕಾಯಕಕ್ಕೆ ಗಂಡು ಹೆಣ್ಣೆಂಬ ಭೇದವಿಲ್ಲ.

ಅಂಗಡಿಯಲ್ಲಿ ಅಗ್ಗದ ಹೊದಿಕೆ ದೊರೆಯುವಾಗ ಈ ಶ್ರಮವೇಕೆಂದು ಕೆಲವರು ಕೇಳುವರು. ನಮ್ಮ ಲಿಂಗಸುಗೂರು ತಾಲೂಕಿನ ಅಮರೇಶ್ವರದವರಾದ ಆಯ್ದಕ್ಕಿ ದಂಪತಿಗಳು 12ನೆಯ ಶತಮಾನದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ದಾಸೋಹ ನಡೆಸಿದರು. ಮಾರಯ್ಯನು ಹೆಚ್ಚು ತಂದಾಗ ಲಕ್ಕಮ್ಮನು ಮಿಕ್ಕುದನ್ನು ಮರಳಿಸೆಂದಳು. ಇದ್ದುದನ್ನು ಕೆಡಿಸದೆ, ಬೇಡವಾದುದನ್ನು ಬಯಸದೆ ಬಾಳುವ ಆ ವ್ರತವೇ ಕೌದಿಯಲ್ಲಿಯೂ ಇದೆ.

ಆದರೆ ಮಕ್ಕಳನ್ನು ಬಲವಂತದಿಂದ ಕೂಡ್ರಿಸಿದರೆ ಅದು ಕಾಯಕವಾಗದು, ಬಿಟ್ಟಿಯಾಗುವದು. ಆದುದರಿಂದ ನೆರೆಮನೆಯ ಹಿರಿಯಮ್ಮನವರಲ್ಲಿ ನಾನೇ ಮೊದಲು ಕಲಿತು ತೇಪೆ ಹಾಕಿದೆನು. ಹೊಲಿಗೆ ಸೊಟ್ಟಾಯಿತು. ನೋಡಿ ನಕ್ಕ ಮಗನು ಸೂಜಿಯನ್ನು ಇಸಿದುಕೊಂಡು, ಮುಂದಿನ ಸಾಲನ್ನು ತಾನೇ ಹೊಲಿದನು. ಕೌದಿ ಈಗ ಪೆಟ್ಟಿಗೆಯಲ್ಲಿಲ್ಲ, ಮನೆಯವರ ಮೈಮೇಲಿದೆ.